ಕಡ್ಡಿ ಇದೆ, ನೆಟ್ ಇಲ್ಲ

ನಮ್ಮ ಮನೆ ಸಿದ್ದಾಪುರದ ಕಡೆಯ ಕಣಿವೆಯೊಂದರಲ್ಲಿದೆ. ಮುಂದೆ ಅಡಿಕೆ ತೋಟ, ಹಿಂದೆ ಬೆಟ್ಟ. ಮನೆಯೊಳಗೆ ಸರಿಯಾಗಿ ನೆಟ್ ಸಿಗುವ ಜಾಗ ಒಂದೇ, ಜಗಲಿ ಕಿಟಕಿಯ ಎಡಮೂಲೆ. ಅಲ್ಲಿ ಅಮ್ಮ ಸೀಮೆಸುಣ್ಣದಲ್ಲಿ ಸಣ್ಣ ಚೌಕ ಬರೆದಿಟ್ಟಿದ್ದಾರೆ. ಫೋನನ್ನು ಚೌಕದೊಳಗೆ ನಿಲ್ಲಿಸಿದರೆ ತಂಗಿಯ ವಿಡಿಯೊ ಕಾಲ್ ಬರುತ್ತದೆ. ನಾಲ್ಕು ಬೆರಳು ಆಚೆ ಸರಿಸಿದರೆ ಮುಖ ಅಲ್ಲೇ ನಿಂತುಬಿಡುತ್ತದೆ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆ ಚೌಕದಲ್ಲೂ ಏನೂ ಇರಲಿಲ್ಲ. ಪಕ್ಕದ ಮನೆ ಭಾವ ಕೊಡೆ ಹಿಡಿದುಕೊಂಡು ಬಂದರು. "ಟವರೇ ಬತ್ತಿಲ್ಲೆ, ನಿಂಗಳಲ್ಲಿ ಇದ್ದಾ?" ಎಂದರು. ನಮ್ಮ ಕಡೆ ಸಿಗ್ನಲ್‌ಗೇ ಟವರ್ ಅನ್ನುತ್ತಾರೆ. ಹಾಗಾಗಿ ನೆಟ್ ಹೋದ ತಕ್ಷಣ ಎಲ್ಲರ ಸಿಟ್ಟೂ ಗುಡ್ಡದ ಮೇಲಿನ ಆ ಕಬ್ಬಿಣದ ಕಂಬದ ಮೇಲೆ. ಆದರೆ ನಮ್ಮ ಕೈಯಲ್ಲಿನ ಫೋನಿನಿಂದ ಇಂಟರ್ನೆಟ್ ತನಕ ಹಲವು ಕೊಂಡಿಗಳಿವೆ. ಫೋನು, ನಡುವಿನ ಗಾಳಿ ಮತ್ತು ಕಾಡು, ಟವರು, ಟವರಿನಿಂದ ಪೇಟೆಗೆ ಹೋಗುವ ದಾರಿ. ಯಾವುದು ಕಡಿದರೂ ನಮಗೆ ಕಾಣುವುದು ಒಂದೇ, ತಿರುಗುತ್ತಲೇ ಇರುವ ಚಕ್ರ. ಯಾವ ಕೊಂಡಿ ಕಡಿದಿದೆ ಅಂತ ಮನೆಯಲ್ಲೇ ಕೂತು ಕಂಡುಹಿಡಿಯಬಹುದು. ನಾನು ಬೇಸಿಗೆಯಿಂದಲೇ ಅದನ್ನು ಮಾಡುತ್ತಿದ್ದೆ.

ಫೋನನ್ನು ಆಫ್ ಮಾಡಿ ಆನ್ ಮಾಡುವುದು, ಏರೋಪ್ಲೇನ್ ಮೋಡ್ ಹಾಕಿ ತೆಗೆಯುವುದು, ಆ ಸಿಮ್ಮನ್ನು ಬೇರೆ ಫೋನಿಗೆ ಹಾಕಿ ನೋಡುವುದು ಎಲ್ಲರಿಗೂ ಗೊತ್ತು. ಅವನ್ನು ಮೊದಲು ಮಾಡಿ ಮುಗಿಸಿಬಿಡಿ. ಆಮೇಲಿನದು ಮುಖ್ಯ: ಕಡ್ಡಿಗಳನ್ನು ನಂಬುವುದು ಬಿಡಬೇಕು. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ತೋರಿಸಬೇಕು ಅನ್ನುವುದನ್ನು ಫೋನ್ ಮಾಡುವವರು ತಮಗೆ ಬೇಕಾದಂತೆ ಇಟ್ಟುಕೊಂಡಿದ್ದಾರೆ. ಒಂದೇ ಜಾಗದಲ್ಲಿ ನನ್ನ ಫೋನು ಎರಡು ಕಡ್ಡಿ ತೋರಿಸಿದರೆ ಅಮ್ಮನದು ಮೂರು ತೋರಿಸುತ್ತದೆ.

ನಿಜವಾದ ಅಳತೆ ಡಿಬಿಎಂ ಅನ್ನುವ ಸಂಖ್ಯೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ನೋಡಿದರೆ ಸಿಗುತ್ತದೆ. ಹಲವು ಫೋನುಗಳಲ್ಲಿ *#*#4636#*#* ಒತ್ತಿದರೂ ಬರುತ್ತದೆ. ಸಂಖ್ಯೆಯ ಮುಂದೆ ಮೈನಸ್ ಇರುತ್ತದೆ. 4ಜಿಯಲ್ಲಿ -80 ಇದ್ದರೆ ಬಹಳ ಚೆನ್ನಾಗಿದೆ, -100 ಇದ್ದರೆ ನಡೆಯುತ್ತದೆ, -110 ದಾಟಿದರೆ ಕಷ್ಟ, -120 ಅಂದರೆ ಹೋದ ಹಾಗೇ. ಇದು ಸಾಮಾನ್ಯ ಅಳತೆಪಟ್ಟಿಯಲ್ಲ. 10 ಇಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. 20 ಇಳಿದರೆ ನೂರರಲ್ಲಿ ಒಂದು. ಬರೀ 3 ಇಳಿದರೂ ಅರ್ಧ ಹೋಯಿತು. -110 ಡಿಬಿಎಂ ಅಂದರೆ ಒಂದು ವ್ಯಾಟನ್ನು ನೂರು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು. ಅಷ್ಟೇ ಅಷ್ಟು ಶಕ್ತಿಯಿಂದ ಫೋನು ಅಕ್ಷರ, ಧ್ವನಿ, ಚಿತ್ರ ಎಲ್ಲವನ್ನೂ ಹೆಕ್ಕಿ ತೆಗೆಯುತ್ತದೆ. ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ನನಗೆ ಫೋನಿನ ಮೇಲೆ ದೊಡ್ಡ ಗೌರವ ಬಂತು.

ಈ ಸಂಖ್ಯೆ ಗೊತ್ತಾದ ಮೇಲೆ ಅಮ್ಮನ ಚೌಕದ ಗುಟ್ಟೂ ತಿಳಿಯಿತು. ಟವರಿನಿಂದ ಬರುವ ಅಲೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಸ್ವಲ್ಪ ಗುಡ್ಡಕ್ಕೆ ಬಡಿದು ಬರುತ್ತದೆ, ಸ್ವಲ್ಪ ಎದುರಿನ ಗೋಡೆಗೆ ಬಡಿದು ಬರುತ್ತದೆ. ಕೆಲವು ಕಡೆ ಅವು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. 4ಜಿಗೆ ಬಳಸುವ 2300 ಮೆಗಾಹರ್ಟ್ಸ್ ಅಲೆಯ, ಅಂದರೆ ಸೆಕೆಂಡಿಗೆ 230 ಕೋಟಿ ಸಲ ಮಿಡಿಯುವ ಅಲೆಯ, ಉದ್ದ ಸುಮಾರು 13 ಸೆಂಟಿಮೀಟರ್. ಅದರ ಅರ್ಧ, ಅಂದರೆ ಆರೇಳು ಸೆಂಟಿಮೀಟರಿಗೆ ಒಮ್ಮೆ ಹೀಗೆ ಏರು ಮತ್ತು ತಗ್ಗು ಬರಬಹುದು. ನಾಲ್ಕು ಬೆರಳಿನ ಅಗಲ ಅಂದರೆ ಅಷ್ಟೇ ಅಲ್ವಾ? ಅಮ್ಮ ಯಾವ ಮೀಟರೂ ಇಲ್ಲದೆ ಆ ಏರಿನ ಮೇಲೆ ಸರಿಯಾಗಿ ಗೆರೆ ಹಾಕಿದ್ದರು.

ನಾನು ಕಿಟಕಿ ಪಕ್ಕ ಹಳೆಯ ನೋಟ್‌ಬುಕ್ ಒಂದನ್ನು ಇಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅದೇ ಚೌಕದ ಸಂಖ್ಯೆ ಬರೆದೆ. ಪಕ್ಕದಲ್ಲಿ ಕರೆಂಟ್ ಇತ್ತಾ, ಮಳೆ ಇತ್ತಾ ಅಂತಲೂ ಬರೆದೆ. ಇನ್ನೊಂದು ವಿಷಯ ಸೇರಿಸಿದೆ, ಸೆಲ್ ಸಂಖ್ಯೆ. ಫೋನು ಯಾವ ಟವರಿನ ಯಾವ ಬದಿಗೆ ಅಂಟಿಕೊಂಡಿದೆ ಅನ್ನುವುದನ್ನು ಅದು ಹೇಳುತ್ತದೆ. ಇದನ್ನು ತೋರಿಸುವ ಉಚಿತ ಆ್ಯಪ್‌ಗಳಿವೆ.

ಬೇಸಿಗೆಯಲ್ಲಿ ಅದೇ ಚೌಕದಲ್ಲಿ -104ರ ಆಸುಪಾಸು ಇತ್ತು. ಮಳೆ ಹಿಡಿದ ಮೇಲೆ -109, -110. ಮಳೆಯೇ ಸಿಗ್ನಲ್ ತಿನ್ನುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಫೋನಿನ ಅಲೆಗಳಿಗೆ ಮಳೆಹನಿ ಲೆಕ್ಕಕ್ಕೇ ಇಲ್ಲ. ಹನಿ ಕೆಲವೇ ಮಿಲಿಮೀಟರ್, ಅಲೆ ಅದಕ್ಕಿಂತ ಹತ್ತಾರು ಪಟ್ಟು ಉದ್ದ. ಇಲ್ಲಿ ತಿನ್ನುವುದು ಎಲೆ. ಮಳೆಗಾಲದಲ್ಲಿ ಮರಗಳಿಗೆ ಎಲೆ ಜಾಸ್ತಿ, ಎಲೆಯ ತುಂಬ ನೀರು, ಎಲೆಯ ಮೇಲೂ ನೀರು. ಅಲೆ ಅದರ ಮೂಲಕ ನೂರಾರು ಮೀಟರ್ ದಾಟಿ ಬರಬೇಕು. ಒದ್ದೆಯಾದ ಹಂಚು ಕೂಡ ತನ್ನ ಪಾಲು ಕಸಿದುಕೊಳ್ಳುತ್ತದೆ.

"ನಮ್ಮ ಅಟ್ಟದಿಂದ ಟವರ್ ಕಾಣ್ತು, ಆದ್ರೂ ನೆಟ್ ಇಲ್ಲೆ" ಅಂತ ಭಾವ ಆಗಾಗ ಹೇಳುತ್ತಿದ್ದರು. ಮರಗಳ ತುದಿ ಸವರಿಕೊಂಡು ಟವರಿನ ತಲೆ ಅಲ್ಲಿಂದ ಕಾಣುವುದು ನಿಜ. ಆದರೆ ಅಲೆ ದಾರದ ಹಾಗೆ ನೇರ ಗೆರೆಯಲ್ಲಿ ಬರುವುದಿಲ್ಲ. ನಡುವೆ ಉಬ್ಬಿದ ಸೌತೆಕಾಯಿಯ ಆಕಾರದ ಜಾಗ ಅದಕ್ಕೆ ಬೇಕು. 1800 ಮೆಗಾಹರ್ಟ್ಸ್‌ನಲ್ಲಿ 5 ಕಿಲೋಮೀಟರ್ ದೂರದ ಟವರ್ ಆದರೆ ನಟ್ಟನಡುವೆ ಆ ಸೌತೆಕಾಯಿಯ ನಡುಗೆರೆಯಿಂದ ಹೊರಮೈಗೆ ಸುಮಾರು 14 ಮೀಟರ್. ಅದರ ಕೆಳಗಿನ ಅರ್ಧ ಕಾಡಿನಲ್ಲಿ ಮುಳುಗಿದ್ದರೆ ಕಣ್ಣಿಗೆ ಟವರ್ ಕಂಡರೂ ಫೋನಿಗೆ ಸಾಲದು. ಅದಕ್ಕೇ ನಮ್ಮಂಥ ಕಡೆ ಎತ್ತರಕ್ಕೆ ಅಷ್ಟು ಬೆಲೆ. ಕಡಿಮೆ ಮೆಗಾಹರ್ಟ್ಸ್‌ನ ಅಲೆ, ಅಂದರೆ 700, 850 ಅಥವಾ 900ರದು, ಗುಡ್ಡದ ಅಂಚಿನಲ್ಲಿ ಸ್ವಲ್ಪ ಜಾಸ್ತಿ ಬಾಗಿ ಕಣಿವೆಗೆ ಇಳಿಯುತ್ತದೆ. ಎಲೆಯ ನಡುವೆಯೂ ಚೆನ್ನಾಗಿ ನುಸುಳುತ್ತದೆ. 2300ರದು ಪೇಟೆಗೆ ಒಳ್ಳೆಯದು, ಕಣಿವೆಗೆ ಅಲ್ಲ. ಹೊಸ ಸಿಮ್ ಕೊಳ್ಳುವ ಮೊದಲು ನಮ್ಮ ಊರಿನ ಟವರಿನಲ್ಲಿ ಯಾವ ಬ್ಯಾಂಡ್, ಅಂದರೆ ಎಷ್ಟು ಮೆಗಾಹರ್ಟ್ಸ್‌ನ ಅಲೆ ಇದೆ, ನಮ್ಮ ಫೋನು ಅದನ್ನು ಹಿಡಿಯುತ್ತದಾ ಅಂತ ಕೇಳುವುದು ಒಳ್ಳೆಯದು.

ಕಡ್ಡಿ ಇದ್ದೂ ನೆಟ್ ಇಲ್ಲದ್ದಕ್ಕೆ ಇನ್ನೊಂದು ಕಾರಣವಿದೆ. ಇದನ್ನು ಬಹಳ ಜನ ಯೋಚಿಸಿರುವುದಿಲ್ಲ. ರಾತ್ರಿ ಗುಡ್ಡದಾಚೆ ಯಕ್ಷಗಾನ ನಡೆಯುತ್ತಿದ್ದರೆ ಚಂಡೆ ನಮ್ಮ ಅಂಗಳಕ್ಕೆ ಕೇಳುತ್ತದೆ. ನಾವು ಇಲ್ಲಿಂದ ಎಷ್ಟು ಕೂಗಿದರೂ ಅವರಿಗೆ ಕೇಳುವುದಿಲ್ಲ. ಟವರು 20, 40 ವ್ಯಾಟ್ ಶಕ್ತಿಯಲ್ಲಿ ಮಾತಾಡುತ್ತದೆ. ಫೋನು ಹೆಚ್ಚೆಂದರೆ 0.2 ವ್ಯಾಟ್. ಟವರಿನ ಕಿವಿ ದೊಡ್ಡದು, ಹಾಗಾಗಿ ಮಾಮೂಲಿ ದೂರದಲ್ಲಿ ಇದು ಸರಿಹೋಗುತ್ತದೆ. ಅಂಚಿನಲ್ಲಿ ಸರಿಹೋಗುವುದಿಲ್ಲ. ಟವರಿನ ಮಾತು ಫೋನಿಗೆ ಕೇಳುತ್ತದೆ, ಕಡ್ಡಿ ತೋರಿಸುತ್ತದೆ, ಫೋನಿನ ಉತ್ತರ ಮಾತ್ರ ಟವರಿಗೆ ಮುಟ್ಟುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೊ ಬರುತ್ತದೆ, ಕಳಿಸಲು ಆಗುವುದಿಲ್ಲ. ಫೋನು ತನ್ನ ಶಕ್ತಿಯೆಲ್ಲ ಹಾಕಿ ಕೂಗುತ್ತಲೇ ಇರುತ್ತದೆ, ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಕಣಿವೆ ಮನೆಗಳಲ್ಲಿ ಫೋನ್ ಬೇಗ ಬಿಸಿಯಾಗುತ್ತದೆ ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಇನ್ನು ಆ ಬೆಳಗಿನ ವಿಷಯ. ನೋಟ್‌ಬುಕ್‌ನಲ್ಲಿ ಹಿಂದಿನ ರಾತ್ರಿ -110 ಇತ್ತು. ಬೆಳಿಗ್ಗೆ -121, ಅದೂ ಬೇರೆ ಸೆಲ್ ಸಂಖ್ಯೆ. ಅಂದರೆ ನಮ್ಮ ಟವರ್ ಸುಮ್ಮನಾಗಿತ್ತು, ಫೋನು ದೂರದ ಇನ್ನೊಂದು ಟವರನ್ನು ತಡಕಾಡಿ ಹಿಡಿದುಕೊಂಡಿತ್ತು. ಪಕ್ಕದ ಕಾಲಂ ನೋಡಿದೆ. ಹಿಂದಿನ ದಿನ ಮಧ್ಯಾಹ್ನ ಮರ ಬಿದ್ದು ಲೈನ್ ಹರಿದು ಕರೆಂಟ್ ಹೋಗಿತ್ತು. ಟವರುಗಳು 48 ವೋಲ್ಟಿನ ಬ್ಯಾಟರಿ ಸಾಲಿನ ಮೇಲೆ ನಡೆಯುತ್ತವೆ. ಕರೆಂಟ್ ಇಲ್ಲದೆ ಅದು ಕೆಲವು ಗಂಟೆ ತಡೆಯುತ್ತದೆ. ಆಮೇಲೆ ಜನರೇಟರಿಗೆ ಡೀಸೆಲ್ ಬೇಕು. ಮಳೆಯಲ್ಲಿ ಆ ಗುಡ್ಡಕ್ಕೆ ಡೀಸೆಲ್ ಕ್ಯಾನ್ ಹೊತ್ತು ಹೋಗುವುದು ಸುಲಭವಲ್ಲ. ಆ ವಾರ ಮೂರು ಸಲ ಹೀಗಾಯಿತು. ಮೂರು ಸಲವೂ ಕರೆಂಟ್ ಹೋದ ಮೇಲೆ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಟವರ್ ನಿಂತಿತ್ತು.

ಇನ್ನೊಂದು ದಿನ ಚಿತ್ರವೇ ಬೇರೆ. ಜೋರು ಮಳೆ, ಕರೆಂಟ್ ಇದೆ, ಸಂಖ್ಯೆ -109, ಸೆಲ್ಲೂ ಅದೇ. ಆದರೂ ನೆಟ್ ಸೊನ್ನೆ. ಇಲ್ಲಿ ಕಡಿದಿದ್ದು ಟವರಿನಿಂದಾಚೆಯ ದಾರಿ. ಹಳ್ಳಿ ಕಡೆಯ ಎಷ್ಟೋ ಟವರುಗಳಿಗೆ ಫೈಬರ್ ಬಂದಿರುವುದಿಲ್ಲ. ಮೈಕ್ರೋವೇವ್ ತಟ್ಟೆಯ ಮೂಲಕ ಇನ್ನೊಂದು ಗುಡ್ಡದ ತಟ್ಟೆಗೆ ಮಾಹಿತಿ ಕಳಿಸುತ್ತವೆ. ಅದು 15, 18 ಗಿಗಾಹರ್ಟ್ಸ್‌ನಂಥ ಅಲೆ, ಉದ್ದ ಎರಡು ಸೆಂಟಿಮೀಟರಿನ ಆಸುಪಾಸು. ಇಲ್ಲಿ ಮಳೆಹನಿ ನಿಜಕ್ಕೂ ಅಡ್ಡ ಬರುತ್ತದೆ. ಗಂಟೆಗೆ 100 ಮಿಲಿಮೀಟರ್ ಬಿರುಸಿನ ಮಳೆಗೆ 18 ಗಿಗಾಹರ್ಟ್ಸ್ ಅಲೆ ಪ್ರತಿ ಕಿಲೋಮೀಟರಿಗೆ 8ರಿಂದ 10 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಅಂದರೆ ಒಂದೊಂದು ಕಿಲೋಮೀಟರ್ ದಾಟುವಷ್ಟರಲ್ಲಿ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಉಳಿಯುತ್ತದೆ. ಮಳೆ ಕಡಿಮೆಯಾದ ಹತ್ತು ನಿಮಿಷಕ್ಕೆ ನೆಟ್ ತಾನಾಗಿ ಬಂದರೆ ಇದೇ ಇರಬೇಕು. ಮಳೆ ನಿಂತರೂ ಬರದಿದ್ದರೆ, ರಸ್ತೆ ಅಗಲ ಮಾಡುವ ಜೆಸಿಬಿ ಎಲ್ಲೋ ಫೈಬರ್ ಕಿತ್ತಿರಲೂಬಹುದು. ಸಂಖ್ಯೆ ಚೆನ್ನಾಗಿದ್ದು ರಾತ್ರಿ ಎಂಟರಿಂದ ಹತ್ತರವರೆಗೆ ಮಾತ್ರ ನಿಧಾನ ಆದರೆ ಅದು ಜನಜಂಗುಳಿ. ಬೆಳಗಿನ ಜಾವ ಐದಕ್ಕೆ ಎದ್ದು ನೋಡಿ, ಓಡುತ್ತಿರುತ್ತದೆ.

ಭಾವನ ಮನೆಯ ಕಥೆಯಲ್ಲಿ ಇದ್ಯಾವುದೂ ಅಲ್ಲದ ಕಾರಣವೂ ಇತ್ತು. ಅವರಿಗೆ ಹೋದ ವರ್ಷದಿಂದಲೇ ಒಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಕೇಳುತ್ತಾ ಹೋದರೆ, ಹೋದ ವರ್ಷವೇ ಅಡಿಕೆ ಒಣಗಿಸಲು ಅಂಗಳದ ಮೇಲೆ ತಗಡು ಹೊದಿಸಿದ್ದರು. ಮನೆ ಮಾಡಿನ ಮುಂಭಾಗಕ್ಕೂ ಅದೇ ತಗಡು. ರೇಡಿಯೊ ಅಲೆ ಲೋಹದೊಳಗೆ ಹೋಗುವುದಿಲ್ಲ, ಬಡಿದು ವಾಪಸಾಗುತ್ತದೆ. ಟವರ್ ಇರುವ ದಿಕ್ಕಿಗೇ ಅವರು ಗೊತ್ತಿಲ್ಲದೆ ಬಾಗಿಲು ಹಾಕಿದ್ದರು.

ನಮ್ಮ ಮನೆಗೆ ಕೊನೆಗೆ ಆಗಿದ್ದು ಒಂದು ಗಳ. ಸಿಮ್ ಹಾಕುವ ರೌಟರ್ ತಂದು, ನೀರು ಹೋಗದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ಬಿದಿರಿನ ಗಳಕ್ಕೆ ಕಟ್ಟಿ ಮಾಡಿಗಿಂತ ಎತ್ತರಕ್ಕೆ ಏರಿಸಿದೆವು. ಕೆಳಗೆ ಇಳಿಯುವುದು ಲ್ಯಾನ್ ಕೇಬಲ್. ಆಂಟೆನಾ ಮೇಲಿಟ್ಟು ರೌಟರ್ ಒಳಗಿಟ್ಟರೆ ತಪ್ಪು. ಆಂಟೆನಾದ ತೆಳು ಕೇಬಲ್ ಹತ್ತು ಮೀಟರ್ ಉದ್ದವಾದರೆ ಮೇಲೆ ಗಳಿಸಿದ್ದರಲ್ಲಿ ದೊಡ್ಡ ಪಾಲು ದಾರಿಯಲ್ಲೇ ಹೋಗುತ್ತದೆ. ಲ್ಯಾನ್ ಕೇಬಲ್ 100 ಮೀಟರಿನ ತನಕ ಏನೂ ಕಳೆಯದೆ ಇಳಿಸುತ್ತದೆ. ಸಾಲದಿದ್ದರೆ ದಿಕ್ಕು ಹಿಡಿಯುವ ಆಂಟೆನಾ ಇದೆ. ಹಿಂದೆ ದೂರದರ್ಶನಕ್ಕೆ ಮಾಡಿನ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ತಿರುಗಿಸುತ್ತಿದ್ದದ್ದು ನೆನಪಿದೆಯಲ್ಲ, ಅದೇ ಯಾಗಿ ಆಂಟೆನಾ. 1926ರಲ್ಲಿ ಜಪಾನಿನ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಅದನ್ನು ಜಗತ್ತಿಗೆ ತಿಳಿಸಿದರು. ತಿರುಗಿಸುವ ಕೆಲಸವೂ ಅದೇ. ಒಬ್ಬರು ಮೇಲೆ, ಒಬ್ಬರು ಕೆಳಗೆ. "ಬಂತಾ?" ಬದಲು ಈಗ ಡಿಬಿಎಂ ಕೂಗುತ್ತೇವೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮಾತ್ರ ಎಚ್ಚರ. ಗುಡುಗು ದೂರದಲ್ಲಿ ಕೇಳಿದ ಕೂಡಲೇ ಪ್ಲಗ್ಗನ್ನೂ ಲ್ಯಾನ್ ಕೇಬಲನ್ನೂ ಕಿತ್ತಿಡಬೇಕು.

ಆನ್‌ಲೈನಿನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಕೊಳ್ಳಬೇಡಿ. ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಅದು ಗದ್ದಲವನ್ನೂ ದೊಡ್ಡದು ಮಾಡಿ ಟವರಿನ ಕಿವಿಗೆ ತುಂಬುತ್ತದೆ. ಒಂದು ಮನೆಯ ಬೂಸ್ಟರ್ ಇಡೀ ಊರಿನ ನೆಟ್ ಕೆಡಿಸಬಲ್ಲದು.

ದೂರು ಕೊಡಲು 198ಕ್ಕೆ ಕರೆ ಮಾಡಬಹುದು. ಮೊದಲೆಲ್ಲ "ನೆಟ್ ಬರ್ತಿಲ್ಲ" ಅಂದಾಗ ಫೋನ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಿದ್ದರು. ಈ ಸಲ ಸೆಲ್ ಸಂಖ್ಯೆ, ತಾರೀಕು, ಕರೆಂಟ್ ಹೋದ ಹೊತ್ತು, ಟವರ್ ನಿಂತ ಹೊತ್ತು ಎಲ್ಲ ಓದಿ ಹೇಳಿದೆ. ಮೂರನೇ ದಿನ ಒಬ್ಬ ತಂತ್ರಜ್ಞರೇ ವಾಪಸ್ ಕರೆ ಮಾಡಿ ಬ್ಯಾಟರಿ ಬಗ್ಗೆ ಕೇಳಿದರು. 2021ರ ಮಳೆಗಾಲದಲ್ಲಿ ನಮ್ಮ ಮಲೆನಾಡಿನ, ಕರಾವಳಿಯ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡದ ಮೇಲೆ, ರಸ್ತೆ ಬದಿಯಲ್ಲಿ ಕೊಡೆ ಹಿಡಿದು ಕೂತಿದ್ದರು. ಆಗ ಇಂಥ ನೋಟ್‌ಬುಕ್ ಊರಿಗೊಂದು ಇದ್ದಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ.

ಗಳದ ತುದಿಯಲ್ಲಿ ಈಗ -98 ಬರುತ್ತಿದೆ. ಭಾವನ ಮನೆಯಲ್ಲಿ ಅದೇ ಗಳ, ಅದೇ ರೌಟರ್ ಏರಿಸಿ ನೋಡಿದೆವು. -116ಕ್ಕಿಂತ ಮೇಲೆ ಬರಲಿಲ್ಲ. ಟವರಿನ ತಲೆಯಷ್ಟೇ ಕಾಣುತ್ತದೆ, ಅದರ ಕೆಳಗೆ ಗುಡ್ಡ ತೀರಾ ಎದುರಿಗಿದೆ. ಅವರಿಗೆ ಫೈಬರೇ ಆಗಬೇಕು. ಅದು ಬಂದರೆ ವೈಫೈ ಕಾಲಿಂಗ್ ಆನ್ ಮಾಡಿಕೊಂಡು ತಗಡಿನ ಕೆಳಗೇ ಕೂತು ಮಾತಾಡಬಹುದು. ಕೇಬಲ್ ಎಳೆಯುವವರು ಮಳೆ ನಿಂತ ಮೇಲೆ ಬರುತ್ತೇವೆ ಎಂದಿದ್ದಾರೆ. ಅಲ್ಲಿಯತನಕ ಭಾವ ಸಂಜೆ ಹೊತ್ತು ನಮ್ಮ ಜಗಲಿಗೆ ಬಂದು ಮಗನ ಜತೆ ಮಾತಾಡಿ ಹೋಗುತ್ತಾರೆ.