ಉರಿಯೂತ ಮೆದುಳಲ್ಲಿ, ಸುಸ್ತು ಸ್ನಾಯುವಲ್ಲಿ: ಐಎಲ್-6 ದಾರಿ ಅರ್ಥ ಮಾಡ್ಕೊಳ್ಳೋಣ

ನರ-ಸ್ನಾಯು ಚಾಪ್ಟರ್ ಓದಿರೋರಿಗೆಲ್ಲ ಈ ದಾರಿ ಬಾಯಿಪಾಠ, ಮೆದುಳಿಂದ ಸಿಗ್ನಲ್ ಹೊರಟು ಸ್ನಾಯು ಆಡಿಸೋ ನರಕೋಶ, ಅಂದ್ರೆ ಮೋಟಾರ್ ನ್ಯೂರಾನ್ ಹಿಡ್ಕೊಂಡು ಬರುತ್ತೆ, ತುದೀಲಿ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬಿಡುಗಡೆ ಆಗುತ್ತೆ, ಸ್ನಾಯು ಕೋಶದೊಳಗೆ ಕ್ಯಾಲ್ಸಿಯಂ ಏರುತ್ತೆ, ಆಕ್ಟಿನ್ ಮಯೋಸಿನ್ ಅನ್ನೋ ಪ್ರೋಟೀನ್ ಎಳೆಗಳು ಎಳೆದಾಡ್ತವೆ. ಆದ್ರೆ ನರವನ್ನ ಮುಟ್ಟದೇನೇ ಮೆದುಳು ಸ್ನಾಯುವಿಗೆ ಸುದ್ದಿ ಕಳಿಸೋ ಇನ್ನೊಂದು ದಾರಿ ಇದೆ, ಅದು ರಕ್ತದ ಮೂಲಕ, ಐಎಲ್-6 (ಇಂಟರ್‌ಲ್ಯೂಕಿನ್-6) ಅನ್ನೋ ಪ್ರೋಟೀನ್ ಹೊತ್ತೊಯ್ಯೋ ಸುದ್ದಿ. ನನ್ನ ಪ್ರಕಾರ ಇದನ್ನ ಈಗ್ಲೇ ಸರಿಯಾಗಿ ತಿಳ್ಕೊಳ್ಳಬೇಕು, ಯಾಕಂದ್ರೆ ಮಳೆಗಾಲದಲ್ಲಿ ಜ್ವರ ಬಿಟ್ಟು ಎಷ್ಟೋ ದಿನ ಆದ್ಮೇಲೂ "ತೋಟದ ಏರು ಹತ್ತೋಕೆ ಕಾಲೇ ಬರಲ್ಲ ಡಾಕ್ಟ್ರೇ" ಅಂತ ಬರೋರು ನಮ್ಮ ಕೊಡಗಲ್ಲಿ ಕಮ್ಮಿ ಏನಿಲ್ಲ, ಅವರನ್ನ ಸೋಮಾರಿ ಅಂತ ಮನೆಯೋರೇ ಬೈದಿರ್ತಾರೆ.

2024ರ ಜುಲೈಯಲ್ಲಿ ಸೈನ್ಸ್ ಇಮ್ಯುನಾಲಜಿ ಪತ್ರಿಕೇಲಿ ಒಂದು ಪೇಪರ್ ಬಂತು, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಆರನ್ ಜಾನ್ಸನ್ ಅವರ ಲ್ಯಾಬ್‌ದು. ಅವರು ಹಣ್ಣಿನ ನೊಣ ತಗೊಂಡು ಮೂರು ಥರದ ಮೆದುಳು ಉರಿಯೂತ ಮಾಡಿ ನೋಡಿದ್ರು. ಒಂದ್ರಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ, ಇನ್ನೊಂದ್ರಲ್ಲಿ ಕೋವಿಡ್ ವೈರಸ್ಸಿನ ಒಂದು ಪ್ರೋಟೀನ್, ಮೂರನೇದ್ರಲ್ಲಿ ಆಲ್ಝೈಮರ್ ಕಾಯಿಲೇಲಿ ಶೇಖರ ಆಗೋ ಅಮಿಲಾಯ್ಡ್ ಬೀಟಾ. ಇಲ್ಲಿ ಗಮನಿಸಿ, ವೈರಸ್ ಪ್ರೋಟೀನನ್ನ ತಯಾರು ಮಾಡಿಸಿದ್ದು ನರಮಂಡಲದಲ್ಲಿ ಮಾತ್ರ, ಸ್ನಾಯುವಿಗೆ ಏನೂ ಹಾಕಿಲ್ಲ, ಆದ್ರೂ ನೊಣದ ಚಲನೆ ಕುಗ್ಗಿತು.

ಯಾಕೆ ಅನ್ನೋದನ್ನ ಹಂತಹಂತವಾಗಿ ನೋಡಿ. ಸೋಂಕಾದಾಗ ಮೆದುಳಲ್ಲಿ ರಿಯಾಕ್ಟಿವ್ ಆಕ್ಸಿಜನ್ ಕಣಗಳು ಜಾಸ್ತಿ ಆಗ್ತವೆ, ಅವು ಒಂದು ಸೈಟೊಕೈನ್ (ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯೋ ಪ್ರೋಟೀನ್) ತಯಾರಿಕೆಯನ್ನ ಶುರು ಮಾಡಿಸ್ತವೆ, ನೊಣದಲ್ಲಿ ಅದರ ಹೆಸರು ಯುಪಿಡಿ3, ಇಲೀಲೂ ನಮ್ಮಲ್ಲೂ ಅದಕ್ಕೆ ಸಮನಾದ್ದು ಇಂಟರ್‌ಲ್ಯೂಕಿನ್-6. ಅದು ಮೆದುಳಿಂದ ಹೊರಬಂದು ದೇಹದಲ್ಲಿ ಹರಿದು ಸ್ನಾಯು ಕೋಶದಲ್ಲಿ ಸುದ್ದಿ ಹಿಡಿಯೋ ಪ್ರೋಟೀನ್, ಅಂದ್ರೆ ರಿಸೆಪ್ಟರ್‌ಗೆ ಅಂಟ್ಕೊಳ್ಳುತ್ತೆ. ಒಳಗೆ ಜ್ಯಾಕ್ ಅನ್ನೋ ಕಿಣ್ವ ಸ್ಟ್ಯಾಟ್ ಪ್ರೋಟೀನಿಗೆ ಫಾಸ್ಫೇಟ್ ಸೇರಿಸುತ್ತೆ, ಸ್ಟ್ಯಾಟ್ ಜೋಡಿಯಾಗಿ ನ್ಯೂಕ್ಲಿಯಸ್ಸಿಗೆ ಹೋಗಿ ಯಾವ ಜೀನ್ ಓಡಬೇಕು ಅನ್ನೋದನ್ನ ಬದಲಾಯಿಸುತ್ತೆ, ಕೊನೆಗೆ ಕೋಶಕ್ಕೆ ಶಕ್ತಿ ಮಾಡಿಕೊಡೋ ಮೈಟೊಕಾಂಡ್ರಿಯಾದ ಕೆಲಸ ಇಳಿಯುತ್ತೆ. ಎಟಿಪಿ, ಅಂದ್ರೆ ಅಲ್ಲಿ ತಯಾರಾಗೋ ಇಂಧನ, ಸಾಲದಿದ್ರೆ ನರದ ಆರ್ಡರ್ ಸರಿಯಾಗಿ ಬಂದ್ರೂ ಸ್ನಾಯು ಏನು ಮಾಡೀತು, ಕರೆಂಟ್ ವೋಲ್ಟೇಜ್ ಇಲ್ದಾಗ ಪಂಪ್‌ಸೆಟ್ ಸ್ವಿಚ್ ಒತ್ತಿದ ಹಾಗೆ. ಅಂದ್ರೆ ಸುಸ್ತು ಮನಸ್ಸಿನ ಕಲ್ಪನೆ ಅಂತ ತಳ್ಳಿಹಾಕೋಕಾಗಲ್ಲ, ಕೋಶದ ಮಟ್ಟದಲ್ಲಿ ಅದಕ್ಕೆ ಕಾರಣ ಇದೆ.

ಈಗ ಎಲ್ಲರೂ ತಲೆ ಕೆಡಿಸ್ಕೊಳ್ಳೋ ಜಾಗ. ಇದೇ ಐಎಲ್-6 ವ್ಯಾಯಾಮ ಮಾಡ್ದಾಗ ಸ್ನಾಯುವೇ ಬಿಡುತ್ತೆ! ಏಪ್ರಿಲ್ ಬಿಸಿಲಲ್ಲಿ ಕೊಡವ ಹಾಕಿ ನಮ್ಮೆಯಲ್ಲಿ (ಹಾಕಿ ಹಬ್ಬದಲ್ಲಿ) ಇಡೀ ಮ್ಯಾಚ್ ಓಡೋ ಹುಡುಗನ ರಕ್ತದಲ್ಲೂ ಅದು ಏರಿರುತ್ತೆ. ದೀರ್ಘ, ಜೋರು ವ್ಯಾಯಾಮದಲ್ಲಿ 100 ಪಟ್ಟು ತನಕ ಏರಬಹುದು, ಸ್ನಾಯುವಲ್ಲಿ ಕೂಡಿಟ್ಟ ಸಕ್ಕರೆ, ಅಂದ್ರೆ ಗ್ಲೈಕೊಜನ್ ಖಾಲಿ ಆದಷ್ಟೂ ಹೆಚ್ಚು. ಸ್ನಾಯು ಬಿಡೋ ಇಂಥ ವಸ್ತುಗಳಿಗೆ ಮಯೊಕೈನ್ ಅಂತ ಹೆಸರು ಕೊಟ್ಟೋರಲ್ಲಿ ಡೆನ್ಮಾರ್ಕಿನ ಸಂಶೋಧಕಿ ಬೆಂಟೆ ಕ್ಲಾರ್ಲುಂಡ್ ಪೆಡರ್ಸನ್ ಮುಖ್ಯರು. ಅಲ್ಲೇ ನಡೆದ ಒಂದು ಟ್ರಯಲ್‌ನಲ್ಲಿ 12 ವಾರ ಸೈಕಲ್ ತುಳಿಸಿದ್ರು, ಐಎಲ್-6 ರಿಸೆಪ್ಟರ್ ತಡೆಯೋ ಟೊಸಿಲಿಝುಮ್ಯಾಬ್ ತಗೊಂಡೋರಿಗೆ ಹೊಟ್ಟೆಯೊಳಗಿನ ಕೊಬ್ಬು ಕರಗಲೇ ಇಲ್ಲ. ಹಾಗಾದ್ರೆ ಐಎಲ್-6 ಒಳ್ಳೇದಾ ಕೆಟ್ಟದ್ದಾ ಅಂತ ವೈವಾದಲ್ಲಿ ಕೇಳಿದ್ರೆ ಒಂದೇ ಪದದ ಉತ್ತರ ಕೊಡಬೇಡಿ. ಎಲ್ಲಿಂದ ಬಂತು, ಎಷ್ಟು ಹೊತ್ತು ಉಳೀತು, ಜೊತೆಗೆ ಬೇರೆ ಯಾವ ಸೈಟೊಕೈನ್ ಇದೆ ಅಂತ ಹೇಳಿ. ಓಟ ನಿಲ್ಸಿದ್ಮೇಲೆ ಐಎಲ್-6 ಬೇಗ ಇಳಿಯುತ್ತೆ, ಅದರ ಹಿಂದೇನೇ ಉರಿಯೂತ ತಗ್ಗಿಸೋ ಐಎಲ್-10 ಏರುತ್ತೆ, ಕಾಯಿಲೇಲಿ ಮಾತ್ರ ಐಎಲ್-6 ದಿನಗಟ್ಟಲೆ ಇಳಿಯದೇ ಕೂತಿರುತ್ತೆ.

ಟೊಸಿಲಿಝುಮ್ಯಾಬ್, ಜ್ಯಾಕ್ ತಡೆಯೋ ಟೊಫಾಸಿಟಿನಿಬ್ ಎರಡೂ ಸಂಧಿವಾತಕ್ಕೆ ಈಗಾಗ್ಲೇ ಬಳಕೇಲಿವೆ, ಅದಕ್ಕೇ ಈ ದಾರಿ ಮೇಲೆ ಆಸೆ ಹುಟ್ಟಿರೋದು. ಆದ್ರೆ ಜಾನ್ಸನ್ ಅವರ ಕೆಲಸ ನೊಣ, ಇಲಿಗಳದ್ದು, ಅದನ್ನ ನೇರವಾಗಿ ರೋಗಿಗೆ ಹಚ್ಚೋ ಹಾಗಿಲ್ಲ, ಈ ಔಷಧಿಗಳು ಸೋಂಕಿನ ಅಪಾಯನೂ ಹೆಚ್ಚಿಸ್ತವೆ. ಮನುಷ್ಯರದ್ದು ಬೇಕಂದ್ರೆ ಅದೇ 2024ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನೋರು ಲಾಂಗ್ ಕೋವಿಡ್ (ಕೋವಿಡ್ ಬಿಟ್ಟ ಮೇಲೂ ತಿಂಗಳುಗಟ್ಟಲೆ ತೊಂದರೆ ಉಳಿಯೋದು) ಇರೋರ ತೊಡೆ ಸ್ನಾಯು ಬಯಾಪ್ಸಿ ಮಾಡಿದ್ದು ನೋಡಿ, ಜೋರು ವ್ಯಾಯಾಮದ ನಂತರ ಅವರ ಮೈಟೊಕಾಂಡ್ರಿಯಾ ಕೆಲಸ ಇನ್ನೂ ಕೆಟ್ಟಿತ್ತು. ಅದು ಐಎಲ್-6ನಿಂದಲೇ ಅಂತ ಆ ಪೇಪರ್ ಹೇಳಲ್ಲ, ಎರಡನ್ನೂ ಬೆರೆಸಿ ಬರೀಬೇಡಿ. ಆದ್ರೆ ದುಡಿದ ಮಾರನೇ ದಿನ ಇನ್ನೂ ಕುಸಿದು ಬೀಳೋ ಇಂಥ ರೋಗಿಗೆ "ಚೆನ್ನಾಗಿ ಓಡಾಡಿ, ಸರಿ ಹೋಗುತ್ತೆ" ಅಂತ ಕಳಿಸೋ ಮುಂಚೆ, ಎಷ್ಟು ನಡೆದ್ರೆ ಮರುದಿನ ಏನಾಗುತ್ತೆ ಅಂತ ಒಂದು ಪ್ರಶ್ನೆ ಕೇಳಲೇಬೇಕು.