ಬಾವಲಿಯ ರೆಕ್ಕೆಯ ಹರವು

ಬಾವಲಿಯ ಬಿಚ್ಚಿದ ರೆಕ್ಕೆಯ ಹಿಂದೆ ಬೆಳಕು ಬಿದ್ದಾಗ ಅದರೊಳಗೆ ಒಂದು ಕೈ ಕಾಣುತ್ತದೆ. ತೋಳು, ಮೊಣಕೈ, ಮುಂಗೈ, ಮಣಿಕಟ್ಟು ಎಲ್ಲವೂ ನಮ್ಮ ಕೈಯಲ್ಲಿರುವ ಕ್ರಮದಲ್ಲೇ ಇರುತ್ತವೆ. ಗಿಡ್ಡ ಹೆಬ್ಬೆರಳು ಕೊಕ್ಕೆಯಂಥ ಉಗುರಿನೊಂದಿಗೆ ಹೊರಗೇ ಉಳಿದಿದ್ದರೆ, ಮಿಕ್ಕ ನಾಲ್ಕು ಬೆರಳುಗಳು ಕೊಡೆಯ ಕಡ್ಡಿಗಳಂತೆ ಉದ್ದುದ್ದ ಬೆಳೆದು ತೊಗಲಿನ ಪೊರೆಯನ್ನು ಬಿಗಿಹಿಡಿದಿರುತ್ತವೆ. ಬಾವಲಿಗಳ ಗಣಕ್ಕೆ ಇಟ್ಟಿರುವ ‘ಕೈರಾಪ್ಟೆರಾ’ ಎಂಬ ಗ್ರೀಕ್ ಮೂಲದ ಹೆಸರಿನ ಅರ್ಥವೂ ‘ಕೈರೆಕ್ಕೆ’ ಎಂದೇ.

ಈ ಪೊರೆ ಬರಿಯ ಹಾಳೆಯಲ್ಲ. ಎರಡು ಪದರ ಚರ್ಮದ ನಡುವೆ ರಕ್ತನಾಳ, ನರ ಮತ್ತು ಹಿಗ್ಗಿ ಕುಗ್ಗುವ ನಾರುಗಳಿವೆ. ಯಾವ ಎಲುಬಿಗೂ ಅಂಟಿಕೊಳ್ಳದೆ ಪೊರೆಯಲ್ಲೇ ಹುಟ್ಟಿ ಪೊರೆಯಲ್ಲೇ ಮುಗಿಯುವ ಸಣ್ಣ ಸ್ನಾಯುಗಳೂ ಇದ್ದು, ಹಾರುವಾಗ ಅದರ ಬಿಗಿತವನ್ನು ಹೊಂದಿಸುತ್ತವೆ. ಇಲ್ಲಿನ ಅಭಿಧಮನಿಗಳು ತಾವೇ ಲಯಬದ್ಧವಾಗಿ ಮಿಡಿದು ರಕ್ತವನ್ನು ಹೃದಯದತ್ತ ತಳ್ಳುತ್ತವೆ ಎಂಬುದನ್ನು ಬ್ರಿಟಿಷ್ ವೈದ್ಯವಿಜ್ಞಾನಿ ವಾರ್ಟನ್ ಜೋನ್ಸ್ 1852ರಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡು ವರದಿ ಮಾಡಿದ್ದರು.

ಬಾವಲಿಗಳಲ್ಲಿ 1400ಕ್ಕೂ ಹೆಚ್ಚು ಪ್ರಭೇದಗಳಿವೆ. ಥಾಯ್ಲೆಂಡ್ ಮತ್ತು ಮ್ಯಾನ್ಮಾರ್‌ನ ಸುಣ್ಣಕಲ್ಲಿನ ಗುಹೆಗಳಲ್ಲಿ ವಾಸಿಸುವ ಹಂದಿಮೂಗಿನ ಬಾವಲಿಯ ತೂಕ ಸುಮಾರು 2 ಗ್ರಾಂ, ರೆಕ್ಕೆಯ ಹರವು, ಅಂದರೆ ಬಿಚ್ಚಿದ ಎರಡೂ ರೆಕ್ಕೆಗಳ ತುದಿಯಿಂದ ತುದಿಗಿರುವ ಉದ್ದ, ಸುಮಾರು 16 ಸೆಂ.ಮೀ. ಫಿಲಿಪ್ಪೀನ್ಸ್‌ನ ಹೊಂಬಣ್ಣದ ನೆತ್ತಿಯ ಹಣ್ಣುಬಾವಲಿಯ ಹರವು 1.5 ಮೀಟರ್ ದಾಟುತ್ತದೆ, ತೂಕ 1.2 ಕಿ.ಗ್ರಾಂ. ಆಸುಪಾಸು. (ಮನುಷ್ಯನಷ್ಟು ದೊಡ್ಡ ಬಾವಲಿ ಎಂದು ಹರಿದಾಡುವ ಚಿತ್ರಗಳಿಗೆ ಮರುಳಾಗಬೇಕಿಲ್ಲ, ಹರವು ಎಷ್ಟೇ ಇದ್ದರೂ ಮೈ ಅಳತೆ ಒಂದು ಅಡಿಯ ಆಸುಪಾಸಿನದು.) ಹರವಿನಲ್ಲಿ ಇವೆರಡರ ನಡುವಿನ ಅಂತರ ಸುಮಾರು ಹತ್ತು ಪಟ್ಟು. ಆಕಾರ ಒಂದೇ ಎಂದುಕೊಂಡರೆ ರೆಕ್ಕೆಯ ವಿಸ್ತೀರ್ಣ ನೂರು ಪಟ್ಟಾಗುತ್ತದೆ. ತೂಕವೋ ಆರುನೂರು ಪಟ್ಟು. ಅಂದರೆ ದೊಡ್ಡ ಬಾವಲಿಯ ರೆಕ್ಕೆಯ ಪ್ರತಿ ಚದರ ಸೆಂಟಿಮೀಟರ್ ಆರು ಪಟ್ಟು ಹೆಚ್ಚು ಭಾರ ಹೊರಬೇಕು. ಎತ್ತುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, ಕೆಳಗೆ ಬೀಳದಿರಬೇಕಾದರೆ ಅದು ಸುಮಾರು ಎರಡೂವರೆ ಪಟ್ಟು ವೇಗವಾಗಿ ಹಾರಲೇಬೇಕು. ನೆಲದಿಂದ ಮೇಲೇಳಲು ಹೆಣಗುವ ಹಣ್ಣುಬಾವಲಿಗೆ ಎತ್ತರದ ಕೊಂಬೆಯಿಂದ ಜಾರಿ ಬೀಳುವಾಗ ಸಿಗುವ ವೇಗ ದೊಡ್ಡ ಆಸರೆ.

ಇಷ್ಟಾದರೂ ಹರವಿನ ಅಂಕಿಯನ್ನು ನಾವು ಅಗತ್ಯಕ್ಕಿಂತ ಹೆಚ್ಚು ನೆಚ್ಚಿಕೊಂಡಿದ್ದೇವೆ ಎಂದೇ ನನ್ನ ಅನಿಸಿಕೆ. ಯುರೋಪಿನ ನಾಕ್ಟ್ಯೂಲ್ ಬಾವಲಿಯನ್ನೂ ದೊಡ್ಡ ಲಾಳಮೂಗಿನ ಬಾವಲಿಯನ್ನೂ ಹೋಲಿಸಿ ನೋಡಬಹುದು. ಎರಡರ ಹರವೂ 35ರಿಂದ 40 ಸೆಂ.ಮೀ.ಗಳ ಸುತ್ತಮುತ್ತ, ತೂಕದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ನಾಕ್ಟ್ಯೂಲ್ ಮರಗಳ ಮೇಲೆ ಬಯಲಿನಲ್ಲಿ ನೇರವಾಗಿ, ಬಿರುಸಾಗಿ ಹಾರುತ್ತದೆ. ಲಾಳಮೂಗಿನದು ಪೊದೆ, ಟೊಂಗೆಗಳ ನಡುವೆ ನಿಧಾನವಾಗಿ ಸುಳಿದಾಡಿ, ನಿಂತಲ್ಲೇ ರೆಕ್ಕೆ ಬಡಿದು, ಕಿರಿದಾದ ಜಾಗದಲ್ಲೇ ತಿರುಗಿ ಹುಳ ಹಿಡಿಯುತ್ತದೆ. ಈ ವ್ಯತ್ಯಾಸದ ಗುಟ್ಟು ಬಹುಪಾಲು ಕಿರುಬೆರಳಿನಲ್ಲಿದೆ. ರೆಕ್ಕೆಯ ತುದಿ ಎಲ್ಲಿಗೆ ಮುಟ್ಟಬೇಕೆಂಬುದನ್ನು ಮಧ್ಯದ ಬೆರಳು ತೀರ್ಮಾನಿಸಿದರೆ, ಅಗಲವನ್ನು ತೀರ್ಮಾನಿಸುವುದು ಕಿರುಬೆರಳು. ನಾಕ್ಟ್ಯೂಲ್‌ನಲ್ಲಿ ಅದು ಎದ್ದುಕಾಣುವಷ್ಟು ಗಿಡ್ಡವಾದ್ದರಿಂದ ರೆಕ್ಕೆ ಕುಡುಗೋಲಿನಂತೆ ಸಪೂರವಾಗುತ್ತದೆ; ಲಾಳಮೂಗಿನದರಲ್ಲಿ ಉದ್ದವಾಗಿರುವುದರಿಂದ ರೆಕ್ಕೆ ಅಗಲವಾಗಿ, ದುಂಡಗೆ ಹರಡಿಕೊಳ್ಳುತ್ತದೆ.

ಕ್ಷೇತ್ರದಲ್ಲಿ ಬಾವಲಿಗಳನ್ನು ಅಧ್ಯಯನ ಮಾಡುವವರು ಕೂಡ ಸಾಮಾನ್ಯವಾಗಿ ಹರವಿಗಿಂತ ಮುಂಗೈಯನ್ನೇ ನೆಚ್ಚುತ್ತಾರೆ. ಜೀವಂತ ಪ್ರಾಣಿಯ ರೆಕ್ಕೆಯನ್ನು ಒಬ್ಬರು ಹೆಚ್ಚು ಎಳೆದರೆ ಇನ್ನೊಬ್ಬರು ಕಡಿಮೆ ಎಳೆಯುತ್ತಾರೆ. ಮುಂಗೈ ಎಲುಬು ಹಾಗೆ ಹಿಗ್ಗುವುದಿಲ್ಲ. ಆದ್ದರಿಂದ ರೆಕ್ಕೆಯನ್ನು ಮಡಚಿಟ್ಟೇ, ಮೊಣಕೈಯಿಂದ ಮಣಿಕಟ್ಟಿನವರೆಗೆ ಕ್ಯಾಲಿಪರ್ ಹಿಡಿದು ಮಿಲಿಮೀಟರ್‌ಗಳಲ್ಲಿ ಬರೆದುಕೊಳ್ಳುತ್ತಾರೆ. ಬಳಿಕ ರೆಕ್ಕೆಯನ್ನು ಮೆಲ್ಲಗೆ ಬಿಚ್ಚಿ ಹಿಂದಿನಿಂದ ಟಾರ್ಚ್ ಹಾಯಿಸುತ್ತಾರೆ. ಬೆರಳಿನ ಗೆಣ್ಣುಗಳ ಬಳಿ ಬೆಳಕು ಹಾಯುವ ತೆಳು ಪಟ್ಟಿ ಕಂಡರೆ ಅದು ಇನ್ನೂ ಎಲುಬಾಗದ ಮೃದ್ವಸ್ಥಿ. ಅಂಥ ಬಾವಲಿ ಆ ವರ್ಷವೇ ಹುಟ್ಟಿದ ಮರಿಯಾದ್ದರಿಂದ ಅದರ ಅಳತೆಯನ್ನು ಬೆಳೆದವುಗಳ ಪಟ್ಟಿಗೆ ಸೇರಿಸುವುದಿಲ್ಲ.