ಸೌಲಭ್ಯ ಮುಗಿಯಲೆಂದು ಕಾಯಬೇಕೇ, ದಿನಾಂಕ ಬಂದೊಡನೆ ಬಿಡಬೇಕೇ?

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಒಂದು ಸಣ್ಣ ಓಪನ್ ಸೋರ್ಸ್ ತಂತ್ರಾಂಶವನ್ನು ನಿರ್ವಹಿಸುತ್ತಿದ್ದೇವೆ. ಅಂದುಕೊಂಡ ಸೌಲಭ್ಯಗಳೆಲ್ಲ ಸಿದ್ಧವಾದ ಮೇಲೆ ಹೊಸ ಆವೃತ್ತಿ ಬಿಡುವುದು ಸರಿಯೇ, ಅಥವಾ ದಿನಾಂಕ ಗೊತ್ತುಮಾಡಿಕೊಳ್ಳಬೇಕೇ?

ಉತ್ತರ: ದಿನಾಂಕವನ್ನೇ ಹಿಡಿಯಿರಿ ಎಂಬುದು ನನ್ನ ಸಲಹೆ. ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರ ಯೋಜನೆಯಲ್ಲಿ ‘ಎಲ್ಲ ಮುಗಿಯಿತು’ ಎನ್ನುವ ದಿನ ಬರುವುದೇ ಅಪರೂಪ. ಒಂದು ಸೌಲಭ್ಯ ಮುಗಿಯುವಷ್ಟರಲ್ಲಿ ಇನ್ನೆರಡು ಪಟ್ಟಿಗೆ ಸೇರಿರುತ್ತವೆ, ಎಂದೋ ಸರಿಪಡಿಸಿದ ಬಗ್‌ಗಳು (ದೋಷಗಳು) ಮಾತ್ರ ಹೊಸ ಆವೃತ್ತಿ ಬಾರದೆ ಬಳಕೆದಾರರನ್ನು ಕಾಡುತ್ತಲೇ ಇರುತ್ತವೆ.

ಇದಕ್ಕೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಇತಿಹಾಸವೇ ಸಾಕ್ಷಿ. 2.4 ಆವೃತ್ತಿ ಬಂದದ್ದು 2001ರ ಜನವರಿಯಲ್ಲಿ, 2.6 ಬಂದದ್ದು 2003ರ ಡಿಸೆಂಬರಿನಲ್ಲಿ. ಕರ್ನಲ್‌ಗೆ ಉಳಿದ ತಂತ್ರಾಂಶಗಳನ್ನು ಸೇರಿಸಿ ಹಂಚುವ ‘ವಿತರಣೆಗಳು’ ಅಷ್ಟು ದಿನ ಕಾಯಲಾಗದೆ ಅಭಿವೃದ್ಧಿಯಲ್ಲಿದ್ದ 2.5ರಿಂದ ತಮಗೆ ಬೇಕಾದ ಬದಲಾವಣೆಗಳನ್ನು ತಾವೇ ತಂದು 2.4ಕ್ಕೆ ಹೊಲಿದುಕೊಂಡವು, ಹೀಗಾಗಿ ಒಂದೇ ಸಂಖ್ಯೆಯ ಕರ್ನಲ್ ಒಂದೊಂದು ವಿತರಣೆಯಲ್ಲಿ ಒಂದೊಂದು ಬಗೆಯಾಯಿತು. ಈಗಿನ ಕ್ರಮವೇ ಬೇರೆ. ಒಂದು ಆವೃತ್ತಿ ಹೊರಬಂದೊಡನೆ ಎರಡು ವಾರ ಹೊಸ ಕೋಡ್ ಸೇರಿಸಿಕೊಳ್ಳುತ್ತಾರೆ, ಬಳಿಕ ವಾರಕ್ಕೊಂದರಂತೆ ಪರೀಕ್ಷಾ ಆವೃತ್ತಿ ಬಿಡುತ್ತಾರೆ, ಸಾಮಾನ್ಯವಾಗಿ ಏಳನೆಯದೋ ಎಂಟನೆಯದೋ ಆದ ಮೇಲೆ ಅಂತಿಮ ಆವೃತ್ತಿ ಬರುತ್ತದೆ. ಒಟ್ಟು 9 ಅಥವಾ 10 ವಾರ. ಈ ಸಲ ತಪ್ಪಿದರೆ ಎರಡೂವರೆ ತಿಂಗಳೊಳಗೆ ಬಾಗಿಲು ಮತ್ತೆ ತೆರೆಯುತ್ತದೆ ಎಂಬ ಭರವಸೆ ಇರುವುದರಿಂದ ಅರೆಬೆಂದ ಕೋಡನ್ನು ಕೊನೆಯ ರಾತ್ರಿ ತುರುಕುವ ಆತುರ ಕಡಿಮೆಯಾಗುತ್ತದೆ. ದಿನಾಂಕದ ನಿಜವಾದ ಲಾಭ ಇದೇ.

ಹಾಗೆಂದು ದಿನಾಂಕಕ್ಕೆ ಕುರುಡಾಗಿ ಜೋತುಬೀಳಬೇಕಿಲ್ಲ. ಏಪ್ರಿಲ್ ಮತ್ತು ಅಕ್ಟೋಬರಿಗೆ ಬದ್ಧವಾದ ಉಬುಂಟು ಎಂಬ ಲಿನಕ್ಸ್ ವಿತರಣೆ ಕೂಡ 2006ರಲ್ಲಿ ಒಮ್ಮೆ ಜೂನ್‌ವರೆಗೆ ತಡಮಾಡಿತು. ಆ ಆವೃತ್ತಿಯ ಸಂಖ್ಯೆ (ವರ್ಷ, ತಿಂಗಳು) 6.06 ಆದದ್ದು ಹಾಗೆ. ಡೆಬಿಯನ್ ಎಂಬ ಇನ್ನೊಂದು ವಿತರಣೆ ಜಾಣತನದ ನಡುದಾರಿ ಹಿಡಿದಿದೆ: ಹೊಸ ಬದಲಾವಣೆಗಳನ್ನು ನಿಲ್ಲಿಸುವ ಫ್ರೀಜ್ ದಿನಾಂಕವನ್ನು ಮೊದಲೇ ಸಾರುತ್ತದೆ, ಬಿಡುಗಡೆಯನ್ನು ಮಾತ್ರ ಗಂಭೀರ ಬಗ್‌ಗಳು ತಗ್ಗಿದ ಮೇಲೆ ಮಾಡುತ್ತದೆ. ನಾಲ್ಕು ಜನರ ತಂಡಕ್ಕೆ ನಾನು ಹೇಳುವುದೂ ಇದನ್ನೇ.

ಎಷ್ಟು ದಿನಕ್ಕೊಮ್ಮೆ ಎಂಬುದು ಬಳಕೆದಾರರಿಗೆ ಅಪ್‌ಗ್ರೇಡ್ ಎಷ್ಟು ಕಷ್ಟ ಎಂಬುದರ ಮೇಲೆ ನಿಂತಿದೆ. ತಾನಾಗಿಯೇ ಅಪ್‌ಡೇಟ್ ಆಗುವ ಫೈರ್‌ಫಾಕ್ಸ್ ಬ್ರೌಸರ್ ನಾಲ್ಕು ವಾರಕ್ಕೊಮ್ಮೆ ಬಂದರೂ ನಡೆಯುತ್ತದೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಹಾಗಲ್ಲ. ಅದರ ದೊಡ್ಡ ಆವೃತ್ತಿ ವರ್ಷಕ್ಕೊಂದೇ, ಪ್ರತಿಯೊಂದಕ್ಕೂ ಐದು ವರ್ಷ ದೋಷ ಪರಿಹಾರ ಸಿಗುತ್ತದೆ. ನಿಮ್ಮದು ಸಣ್ಣ ಸಾಧನವಾದರೆ ಮೂರು ತಿಂಗಳ ಅಂತರ, ಅದಕ್ಕೆ ಎರಡು ವಾರ ಮೊದಲು ಫ್ರೀಜ್, ಇಷ್ಟು ಸಾಕು. ಬಿಡುವಂಥದ್ದೇನೂ ಇಲ್ಲದಿದ್ದರೆ ಆ ಸರದಿಯನ್ನು ಬಿಟ್ಟುಬಿಡಿ.

ಭದ್ರತಾ ದೋಷಕ್ಕೆ ಮಾತ್ರ ಕ್ಯಾಲೆಂಡರ್ ಇಲ್ಲ. ಪರಿಹಾರ ಸಿದ್ಧವಾದೊಡನೆ, ಹಿಂದಿನ ಆವೃತ್ತಿಯ ಮೇಲೆ ಅದೊಂದನ್ನೇ ಕೂಡಿಸಿ ಬಿಡಿ. ಜೊತೆಗೆ ಹೊಸ ಸೌಲಭ್ಯ ಬೆರೆಸಿದರೆ ಅದಕ್ಕೆ ಹೆದರಿ ಪರಿಹಾರವನ್ನೂ ಮುಂದೂಡುವವರಿದ್ದಾರೆ.

ಇನ್ನೊಂದು ಮಾತು: ಬಿಡುವ ಮುನ್ನ ಪ್ಯಾಕೇಜನ್ನು ಬೇರೊಂದು ಖಾಲಿ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿ ನೋಡಿ. ನಾನೊಮ್ಮೆ ಒಂದು ಸಂರಚನಾ ಕಡತವನ್ನು ಪ್ಯಾಕೇಜಿಗೆ ಸೇರಿಸಲು ಮರೆತಿದ್ದೆ. ಅದು ನನ್ನ ಫೋಲ್ಡರಿನಲ್ಲಿ ಇದ್ದೇ ಇತ್ತಾದ್ದರಿಂದ ನನ್ನಲ್ಲಿ ಪರೀಕ್ಷೆಗಳೆಲ್ಲ ಪಾಸಾದವು, ಉಳಿದ ಯಾರಲ್ಲೂ ತಂತ್ರಾಂಶ ಶುರುವಾಗಲಿಲ್ಲ, ಮರುದಿನವೇ ಇನ್ನೊಂದು ಆವೃತ್ತಿ ಬಿಡಬೇಕಾಯಿತು.